ಹಳೆಯ ಟ್ರ್ಯಾಕ್ಟರಿಗೆ ಹೊಸ ಕೊಂಡಿ

ನಂದವರಂ, ಎಮ್ಮಿಗನೂರು, ಆದವಾನಿ ಕಡೆಯ ಎರೆನೆಲದಲ್ಲಿ ಎತ್ತಿನ ಜೋಡಿಗಳು ಕಡಿಮೆಯಾಗುತ್ತ ಬಂದಿವೆ. ದೊಡ್ಡ ಟ್ರ್ಯಾಕ್ಟರನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹತ್ತಿಯ ಸಾಲುಗಳ ನಡುವೆ ಅದು ಹಿಡಿಸುವುದೂ ಇಲ್ಲ. ಆದುದರಿಂದ ಯಾರೋ ಮೂಲೆಗೆ ತಳ್ಳಿದ ಹಳೆಯ ಸಣ್ಣ ಟ್ರ್ಯಾಕ್ಟರನ್ನು ಅಗ್ಗವಾಗಿ ತಂದು, ಹಿಂದುಗಡೆ ಒಂದು ಕೊಂಡಿಯನ್ನು ಕೂಡಿಸಿ ಕುಂಟೆ ಹೊಡೆಯೋಣವೆಂದು ರೈತರು ಯೋಚಿಸುವುದು ಸಹಜ. ಯೋಚನೆ ಒಳ್ಳೆಯದೇ. ಆದರೆ ‘ಹಳೆಯ ಯಂತ್ರ ತಾನೇ, ಒಂದು ಕಬ್ಬಿಣದ ಪಟ್ಟಿಯನ್ನು ವೆಲ್ಡ್ ಮಾಡಿಸಿದರೆ ಆಯಿತು’ ಎಂಬ ಮಾತು ಒಳ್ಳೆಯದಲ್ಲ. ಕೊಂಡಿ ಎಲ್ಲಿದೆ, ಹೇಗೆ ಕೂಡಿದೆ ಎಂಬುದರ ಮೇಲೆ ನಡೆಸುವವನ ಜೀವವೇ ನಿಂತಿದೆ.

ಇದರ ತತ್ತ್ವ ನಮಗೆ ಹೊಸದಲ್ಲ. ಬಂಡಿಯ ಹಿಂಭಾಗಕ್ಕೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆಯಷ್ಟೆ? ಅಚ್ಚು ನಡುವೆ ನಿಂತು ತಕ್ಕಡಿಯಂತೆ ಕೆಲಸಮಾಡುತ್ತದೆ. ಟ್ರ್ಯಾಕ್ಟರಿನಲ್ಲಿಯೂ ಹಾಗೆಯೇ. ಕೊಂಡಿಯು ಹಿಂದಿನ ಅಚ್ಚಿಗಿಂತ ಮೇಲಿದ್ದು, ಕುಂಟೆಯು ಬಂಡೆಗೋ ಬೇರಿಗೋ ಸಿಕ್ಕಿಕೊಂಡಿತೆನ್ನಿ. ಇಂಜಿನು ಸುಮ್ಮನಿರದು. ಮುಂದಕ್ಕೆ ಹೋಗಲಾರದ ಟ್ರ್ಯಾಕ್ಟರು ಅಚ್ಚನ್ನೇ ಆಧಾರ ಮಾಡಿಕೊಂಡು ಮೂತಿಯೆತ್ತಿ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ತುಳಿಯುವಷ್ಟು ವೇಳೆಯೂ ಸಿಗಲಾರದು.

ಹಿಂದೆ ಟ್ರ್ಯಾಕ್ಟರುಗಳು ನೇಗಿಲನ್ನು ಬಂಡಿಯಂತೆ ಎಳೆದೊಯ್ಯುತ್ತಿದ್ದಾಗ ಇಂತಹ ಅಪಘಾತಗಳು ಬಹಳ. ಇದಕ್ಕೆ ಉಪಾಯ ಹುಡುಕಿದವರಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಮುಖ್ಯನು. ಕೆಳಗೆ ಎರಡು ತೋಳು, ಮೇಲೆ ಒಂದು ತೋಳು ಇಟ್ಟು ಅವನು ನೇಗಿಲನ್ನು ಟ್ರ್ಯಾಕ್ಟರಿಗೆ ಕೂಡಿಸಿದನು. ಕೆಳಗಿನವು ಎಳೆಯುತ್ತವೆ, ಮೇಲಿನದು ಮುಂದಕ್ಕೆ ಒತ್ತಿ, ಮುಂಗಾಲಿಗಳು ನೆಲ ಬಿಡದಂತೆ ಹಿಡಿಯುತ್ತದೆ. 1936ರಲ್ಲಿ ಅವನ ಟ್ರ್ಯಾಕ್ಟರು, 1939ರಲ್ಲಿ ಫೋರ್ಡ್ ಕಂಪನಿಯ ಟ್ರ್ಯಾಕ್ಟರು ಈ ಕೊಂಡಿಯೊಡನೆ ಮಾರಾಟಕ್ಕೆ ಬಂದವು. ಇಂದು ನಮ್ಮೂರಿನ ದಾರಿಯಲ್ಲಿ ಓಡಾಡುವ ಟ್ರ್ಯಾಕ್ಟರುಗಳ ಹಿಂದೆ ಕಾಣುವುದೂ ಇದೇ.

ಹಳೆಯ ಸಣ್ಣ ಟ್ರ್ಯಾಕ್ಟರಿಗೆ ಕೊಂಡಿ ಕೂಡಿಸುವವರು ಈ ಕೆಳಗಿನ ಮಾತುಗಳನ್ನು ನೆನಪಿನಲ್ಲಿಡತಕ್ಕದ್ದು.

ಮೊದಲನೆಯದಾಗಿ, ಬರಿಯ ಎಳೆಯುವ ಕೊಂಡಿಯಾದರೆ ಅದು ಹಿಂದಿನ ಅಚ್ಚಿನ ನಡುಮಟ್ಟಕ್ಕಿಂತ ಕೆಳಗೇ ಇರಬೇಕು. ಸೀಟಿನ ಕೆಳಗಿನ ಕಂಬಿಗೋ ಅಚ್ಚಿನ ಮೇಲಕ್ಕೋ ಸರಪಳಿ ಕಟ್ಟಿ ಎಳೆಯಲೇ ಕೂಡದು.

ಎರಡನೆಯದಾಗಿ, ಹಿಂದಿನ ಗೇರುಪೆಟ್ಟಿಗೆ ಸಾಮಾನ್ಯವಾಗಿ ಬೀಡುಕಬ್ಬಿಣದ್ದು. ಅದಕ್ಕೆ ನೇರವಾಗಿ ವೆಲ್ಡ್ ಮಾಡಿದರೆ ಕಾವಿನಿಂದ ಬಿರುಕು ಬಿಡುತ್ತದೆ; ಬಿರುಕು ಕಾಣುವುದು ಭಾರ ಬಿದ್ದ ದಿನವೇ. ಪೆಟ್ಟಿಗೆಯ ಹಿಂಬದಿಯಲ್ಲಿ ಕಂಪನಿಯವರೇ ಬಿಟ್ಟ ತಿರುಪಿನ ರಂಧ್ರಗಳಿದ್ದರೆ ಅವನ್ನು ಚೊಕ್ಕಟಮಾಡಿ, ದಪ್ಪ ಫಲಕವನ್ನು ಬೋಲ್ಟಿನಿಂದ ಬಿಗಿಯಿರಿ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಗುರುತನ್ನು ನೋಡಿಯೇ ಕೊಳ್ಳಿರಿ. ಗುರುತಿಲ್ಲದ ಬೋಲ್ಟು ಬಾಗಿಲಿಗೆ ಸಾಕು, ಕುಂಟೆಗೆ ಸಾಲದು.

ಮೂರನೆಯದಾಗಿ, ಪಿನ್ನಿನ ಅಳತೆ. ತೋಟದ ಅತಿ ಸಣ್ಣ ಟ್ರ್ಯಾಕ್ಟರುಗಳ ಕೆಳತೋಳಿನ ಪಿನ್ನು ಸುಮಾರು 16 ಮಿಲಿಮೀಟರು. ಅದರ ಮೇಲಿನ ವರ್ಗದ್ದು 22 ಮಿಲಿಮೀಟರು. ದೊಡ್ಡ ತೂತಿಗೆ ಸಣ್ಣ ಪಿನ್ನು ಹಾಕಿದರೆ ಬಡಿದು ಬಡಿದು ತೂತು ಅಗಲವಾಗುತ್ತದೆ. ಮನೆ ಕಟ್ಟಿ ಉಳಿದ ಸಲಾಕೆಯ ತುಂಡನ್ನು ಪಿನ್ನಾಗಿ ಚುಚ್ಚುವ ಅಭ್ಯಾಸವನ್ನಂತೂ ಬಿಡಲೇಬೇಕು. ಪಿನ್ನು ಜಾರದಂತೆ ತುದಿಗೆ ಕೀಲೂ ಇರಲಿ; ಬಂಡಿಯ ಗಾಲಿಗೆ ಕಡಾಣಿ ಇಲ್ಲದೆ ಯಾರಾದರೂ ಹೊಲಕ್ಕೆ ಹೊರಡುತ್ತಾರೆಯೇ?

ನಾಲ್ಕನೆಯದಾಗಿ, ಟ್ರ್ಯಾಕ್ಟರಿಗೆ ತಕ್ಕ ಸಲಕರಣೆ. ಕೊಂಡಿ ಕೂಡಿತೆಂದು ನೆರೆಯವರ ಒಂಬತ್ತು ಹಲ್ಲಿನ ಕಲ್ಟಿವೇಟರನ್ನು ಸಣ್ಣ ಟ್ರ್ಯಾಕ್ಟರಿಗೆ ಹೂಡಬಾರದು. ಅದನ್ನು ಎತ್ತಿದಾಗಲೇ ಮುಂಗಾಲಿಗಳು ಹಗುರಾಗಿ ಸ್ಟೇರಿಂಗ್ ಮಾತು ಕೇಳದು. ಎಡೆಕುಂಟೆಯ ಕೆಲಸಕ್ಕೆ ತಂದದ್ದು ಎಡೆಕುಂಟೆಯನ್ನೇ ಎಳೆಯಲಿ.

ಕೂಡಿಸಿದ ಮೇಲೆ ಮೊದಲ ದಿನ ಸಡಿಲ ನೆಲದಲ್ಲಿ ಮೇಲುಮೇಲಕ್ಕೆ ಹೊಡೆದು, ಒಂದು ಗಂಟೆಯ ಬಳಿಕ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿಮಾಡಬೇಕು. ಹುಡುಗರನ್ನು ಕೊಂಡಿಯ ಮೇಲೆ ನಿಲ್ಲಿಸಿಕೊಂಡು ಹೋಗಬಾರದು.

ಇದಕ್ಕೆಲ್ಲ ಖರ್ಚು ಸ್ವಲ್ಪ ಹೆಚ್ಚೆಂಬುದು ನಿಜ. ಆದರೆ ಅಗ್ಗದ ಕೊಂಡಿಯಲ್ಲಿ ಉಳಿಯುವ ಹಣ ಒಂದು ದಿನದ ಆಸ್ಪತ್ರೆಯ ಖರ್ಚಿಗೂ ಸಾಲದು. ನೆರೆಯ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಊರಿಗೆ ಇಬ್ಬರಂತೆ ತರುಣರು ಅಲ್ಲಿಗೆ ಹೋಗಿ ಕಲಿತು ಬಂದರೆ ಊರಿಗೇ ಉಪಕಾರ. ಹಳೆಯ ಟ್ರ್ಯಾಕ್ಟರಿನ ಕೈಪಿಡಿ ಸಿಕ್ಕಿ ಅದು ಇಂಗ್ಲಿಷಿನಲ್ಲಿದ್ದರೆ ಮೂಲೆಗೆಸೆಯದೆ ಶಾಲೆಗೆ ತನ್ನಿರಿ. ಓದಿ ಕನ್ನಡದಲ್ಲಿ ಹೇಳುವುದು ನಮ್ಮಂತಹ ಉಪಾಧ್ಯಾಯರ ಕರ್ತವ್ಯವೇ ಆಗಿದೆ. ಮುಂಗಾರು ಬರುವ ಮುನ್ನವೇ ಈ ಕೆಲಸ ಮುಗಿಯಲಿ. ಮಳೆ ಬಿದ್ದ ಮೇಲೆ ಅವಸರದಲ್ಲಿ ಕೂಡಿಸಿದ ಕೊಂಡಿಯನ್ನು ನಂಬಬೇಡಿರಿ.