ಬ್ರೇಕಿಗೆ ಹಾಕಿದ ರೊಕ್ಕಕ್ಕ ನಗಬ್ಯಾಡ್ರಿ

ಹೋದ ತಿಂಗಳು ಶಹಾಪುರದಾಗ ನಮ್ಮ ನೆಗೆಣ್ಣಿ ಮನ್ಯಾಗ ಕೂಸಿನ ತೊಟ್ಲ ಕಾರ್ಯ ಇತ್ತು. ನಾವು ಹೆಣ್ಮಕ್ಕಳೆಲ್ಲ ಪಡಸಾಲ್ಯಾಗ ಕುಂತು ಹೂ ಕಟ್ಲಾಕತ್ತಿದ್ವಿ. ಅಷ್ಟರಾಗ ಬೀಗತಿ ಒಬ್ರು ನನ್ನ ಕಡಿ ತಿರುಗಿ, "ಏನ್ರಿ ಅಕ್ಕೋರೆ, ನಿಮ್ಮ ಮಗ ಕಾರಿನ ಹಿಂದಿನ ಗಾಲಿಗೆ ಎರಡು ಕಬ್ಬಿಣದ ತಾಟು ಕೂಡಸ್ಲಾಕ 38,000 ಸುರದಾನಂತ? ಅಷ್ಟ್ರಾಗ ಬೆಳ್ಳಿ ತಾಟೇ ಬರ್ತಿದ್ವಲ್ರಿ" ಅಂದ್ರು. ಪಡಸಾಲಿ ತುಂಬ ನಗಿ. ನಾನೂ ನಕ್ಕೆ. ಕಾರ್ಯದ ಮನ್ಯಾಗ ಜಗಳ ತೆಗೆಯೋದು ಛಲೋ ಕಾಣ್ಸಂಗಿಲ್ಲ. ಆದ್ರ ದೋರನಹಳ್ಳಿಗೆ ವಾಪಸ್ ಬರೋ ತನ ಬಸ್ಸಿನಾಗ ಕುಂತು ಹೊಟ್ಟಿ ಉರೀತು. ಅವತ್ತು ಬಾಯಿ ಮುಚ್ಚಿದ್ದಕ್ಕ ಇವತ್ತು ಬರೀಲಾಕತ್ತೀನಿ.

ನನ್ನ ಮಾತು ಒಂದೇ. ಗಾಡಿ ಓಡ್ಸಾಕ, ಮೆರ್ಸಾಕ ಎಷ್ಟು ರೊಕ್ಕ ಹಾಕಿದ್ರೂ ನಾವು ಹೂಂ ಅಂತೀವಿ. ನಿಲ್ಲಸ್ಲಾಕ ಹಾಕಿದ್ರ ಹುಚ್ಚ ಅಂತೀವಿ. ಇದು ಉಲ್ಟಾ ಲೆಕ್ಕ. ಈ ಲೆಕ್ಕದಾಗ ನಾವು ಹೆಣ್ಮಕ್ಕಳೂ ಪಾಲುದಾರ್ರೇ ಹೌದು.

ಮೊದ್ಲು ನಮ್ಮ ಮನಿ ಸಂಗತಿ ಹೇಳ್ತೀನಿ. ಮಗ ಬೆಂಗಳೂರಾಗ ನೌಕರಿ ಮಾಡ್ತಾನ. ಮೂರು ವರ್ಷದ ಹಿಂದ ಒಂದು ಹಳೇ ಸ್ಕೋಡಾ ಲಾರಾ ಆರ್‌ಎಸ್ ಕಾರು ತಗೊಂಡ. ಸೆಕೆಂಡ್ ಹ್ಯಾಂಡ್ ಖರೇ, ಆದ್ರ ಓಟದ ಜಾತಿ ಗಾಡಿ. ಅದನ್ನ ತಗೊಂಡು ವರ್ಷಕ್ಕ ಎರಡು ಸಲ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗ್ತಾನ. ಕರಿವರ್ಧನ್ ಅಂತ ರೇಸ್ ಗಾಡಿ ಕಟ್ಟೋರೊಬ್ರು ಆ ಊರಾಗಿದ್ರಂತ, ಅವರ ಹೆಸರೇ ಅದಕ್ಕ ಇಟ್ಟಾರ. ಸುತ್ತು ಎರಡು ಕಿಲೋಮೀಟರ್ ಆಸುಪಾಸು. ಮದ್ರಾಸ್ ಹತ್ರ ಇರುಂಗಾಟ್ಟುಕೋಟ್ಟೈನಾಗ ಇನ್ನೊಂದು ಅದ, 3.7 ಕಿಲೋಮೀಟರಿಂದು. ರೊಕ್ಕ ಕಟ್ಟಿದ್ರ ನಮ್ಮಂಥವರ ಮಕ್ಕಳೂ ತಮ್ಮ ಕಾರು ಅಲ್ಲಿ ಹೊಡೀಬಹುದು.

ನಾನೂ ಮೊದ್ಲು ನಿಮ್ಮಂಗೇ ಬೈದಾಕಿ. "ನಿಮ್ಮಪ್ಪ ತೊಗರಿ ಹೊಲದಾಗ ಬಿಸಲಾಗ ನಿಂತಾನ, ನೀ ಗಾಡಿ ಗರಗರ ತಿರುಗಸ್ಲಾಕ ಹೋಗ್ತಿ" ಅಂತ. ಹೋದ ವರ್ಷ ಬೆಂಗಳೂರಿಗೆ ಹೋದಾಗ, "ಯವ್ವಾ, ಒಂದ್ಸಲ ಬಂದು ನೋಡು, ಆಮ್ಯಾಲ ಬೈ" ಅಂತ ಕರ್ಕೊಂಡು ಹೋದ. ಹೋದೆ. ಮೂರ್ನಾಕು ಸುತ್ತು ಹೊಡದು ಒಳಗ ಬಂದು ನಿಂತಾಗ ಗಾಲಿ ಹತ್ರ ಹಂಚಿನ ಮ್ಯಾಲ ಅರಿವಿ ಸುಟ್ಟಂಗ ವಾಸನಿ. ಮಗನ ಮಾರಿ ಸಪ್ಪಗಿತ್ತು. "ಏನಾತೋ" ಅಂದ್ರ, "ಬ್ರೇಕ್ ತುಳಿದ್ರ ಕಾಲು ಬುಡದ ತನ ಹೋತು ಅವ್ವಾ" ಅಂದ. ನನ್ನ ಕೈಕಾಲಾಗಿನ ಬಲ ಹೋತು.

ಯಾಕಂದ್ರ ಬ್ರೇಕ್ ಇಲ್ಲದ್ದು ಅಂದ್ರ ಏನಂತ ನಮ್ಮ ತವರಮನ್ಯಾಗ ನೋಡೀವಿ. ನಾನು ಪಿಯುಸಿ ಓದುವಾಗ ನಮ್ಮ ಸೋದರಮಾವ ಹತ್ತಿ ಅಂಡಿಗಿ ಹೇರಿದ ಟ್ರ್ಯಾಕ್ಟರ್ ಹೊಡ್ಕೊಂಡು ಕಾಲುವಿ ಏರಿಯಿಂದ ಇಳೀಲಾಕತ್ತಿದ್ದ. ಟ್ರ್ಯಾಕ್ಟರಿಗೆ ಬ್ರೇಕ್ ಇತ್ತು, ಹಿಂದಿನ ಟ್ರಾಲಿಗೆ ಇರ್ಲಿಲ್ಲ. ಮಾವ ಬ್ರೇಕ್ ಒತ್ತಿದ. ಮುಂದಿಂದು ನಿಂತ್ಕೊಳ್ಳಾಕ ಹೋತು, ಹಿಂದಿನ ಭಾರ ಹೋಗಿ ದೂಡಿತು. ಎರಡೂ ಮಡಚಿ ಮಗುಚಿದ್ವು. ಮಾವನ ಜೀವ ಉಳೀತು, ಎಡಗಾಲು ಮೊಣಕಾಲಿನ ಕೆಳಗ ತೆಗೆದ್ರು. ಅವನ ಕಟ್ಟಿಗಿ ಕೋಲಿನ ಸಪ್ಪಳ ಕೇಳ್ತಾನೇ ನಾವು ದೊಡ್ಡವರಾದ್ವಿ. ಆ ಟ್ರಾಲಿಗೆ ಹೊಸ ಬಣ್ಣ ಹಚ್ಚಿತ್ತು, ಹಿಂದ ದೇವರ ಹೆಸರು ಬರದಿತ್ತು, ಝೂಲಾ ಕಟ್ಟಿತ್ತು. ಬ್ರೇಕ್ ಒಂದೇ ಇರ್ಲಿಲ್ಲ.

ಹಿಂಗಾಗಿ ಮಗನ ಜೊತಿ ಬೆಂಗಳೂರಿನ ಗ್ಯಾರೇಜಿಗೆ ನಾನೇ ಹೋದೆ. ಮೇಸ್ತ್ರಿ ಹುಡುಗ ಶ್ಯಾಣ್ಯಾ ಇದ್ದ, ನಾ ಕೇಳಿದ್ದಕ್ಕೆಲ್ಲ ಬೇಸರಿಲ್ಲದ ಹೇಳಿದ. ಅವ ಹೇಳಿದ್ದನ್ನ ನಾನು ಅಡಗಿಮನಿ ಭಾಷ್ಯಾಗ ತಿಳ್ಕೊಂಡೀನಿ, ಹಂಗೇ ನಿಮ್ಗ ಹೇಳ್ತೀನಿ.

ಗಾಲಿ ಜೊತಿ ತಿರುಗೋ ಕಬ್ಬಿಣದ ತಾಟಿಗೆ ಡಿಸ್ಕ್ ಅಂತಾರ, ರೋಟರ್ ಅಂತನೂ ಅಂತಾರ. ಬ್ರೇಕ್ ತುಳಿದ್ರ ಎರಡು ಕಡಿಯಿಂದ ಪ್ಯಾಡ್ ಬಂದು ಅದನ್ನ ಹಿಚಕ್ತಾವ. ಗಾಡಿಯ ಓಟ ಎಲ್ಲಾ ಅಲ್ಲೇ ಕಾವಾಗ್ತದ. ಎಷ್ಟು ಕಾವು ಅಂದ್ರ, 1400 ಕಿಲೋ ತೂಕದ ಗಾಡಿ 100ರ ವೇಗದಾಗಿಂದ ಒಂದ್ಸಲ ಪೂರಾ ನಿಂತ್ರ, ಆ ಕಾವಿನಾಗ ಎರಡು ಲೀಟರಿಗೆ ತುಸು ಕಮ್ಮಿ ತಣ್ಣೀರು ಕುದಿ ಬರ್ತದ. ಅಂದ್ರ ಹದಿನೈದು ಮಂದಿ ಚಹಾದ ನೀರು, ಅದೂ ನಾಕೈದು ಸೆಕೆಂಡಿನಾಗ. ವೇಗ ಎರಡು ಪಟ್ಟಾದ್ರ ಕಾವು ಎರಡು ಪಟ್ಟಲ್ಲ, ನಾಕು ಪಟ್ಟು. ನಮ್ಮ ರಸ್ತಿ ಮ್ಯಾಲ ಹಿಂಗ ಪೂರಾ ಬ್ರೇಕ್ ಒತ್ತೋದು ಯಾವಾಗೋ ಒಮ್ಮೆ. ಆ ಸುತ್ತಿನಾಗ ಒಂದು ತಿರುವು ಮುಗಿಯೋದ್ರಾಗ ಇನ್ನೊಂದು, ಆರೋಕ ಪುರಸೊತ್ತೇ ಇಲ್ಲ.

ಈಗ ಹಂಚು ನೆನಸ್ಕೋರಿ. ಮನಿ ಮಂದಿಗೆ ಎಂಟು ರೊಟ್ಟಿ ಸುಡ್ಲಾಕ ಸವೆದ ತೆಳು ಹಂಚೂ ನಡೀತದ. ಜಾತ್ರಿ ದಾಸೋಹಕ್ಕ ಇನ್ನೂರು ರೊಟ್ಟಿ ಸುಡ್ರಿ ಅಂದ್ರ? ತೆಳು ಹಂಚು ಕೆಂಪಗಾಗಿ ರೊಟ್ಟಿ ಕರಿಕಾಗ್ತದ. ದಪ್ಪನ ಹಂಚು ಕಾವು ಹೊಟ್ಟ್ಯಾಗ ಇಟ್ಕೊಂಡು ತಡೀತದ. ಡಿಸ್ಕಿಂದೂ ಅದೇ ಕಥಿ. ಸವೆದಷ್ಟು ಕಬ್ಬಿಣ ಕಮ್ಮಿ, ಕಬ್ಬಿಣ ಕಮ್ಮಿ ಆದಷ್ಟು ಜಲ್ದಿ ಕಾಯ್ತದ. ಎಷ್ಟು ತೆಳುವಾದ್ರ ತೆಗಿಬೇಕು ಅಂತ ಡಿಸ್ಕಿನ ಮ್ಯಾಲೇ ಕೊರದಿರ್ತಾರ. ನನ್ನ ಮಗನ ಗಾಡಿದು ಹಿಂದಿನವೆರಡೂ ಆ ಗುರ್ತು ದಾಟಿ ತೆಳುವಾಗಿದ್ವು, ಮ್ಯಾಲ ಕೂದಲೆಳಿಯಂಥ ಬಿರುಕು. ಕಾವು ಅಲ್ಲಿಂದ ಬ್ರೇಕ್ ಆಯಿಲಿಗೆ ಏರಿತ್ತು. ಆ ಆಯಿಲ್ ವರ್ಷ ಕಳದಂಗ ಹವಾದಾಗಿನ ತೇವ ಹೀರ್ತದ, ಮಳಿಗಾಲದಾಗ ಉಪ್ಪು ಒದ್ದಿ ಆದಂಗ. ಹೊಸಾ ಡಾಟ್ 4 ಆಯಿಲ್ 230 ಡಿಗ್ರಿ ತನಾ ಕುದಿಯಂಗಿಲ್ಲ. ತೇವ ಕುಡದದ್ದು 155ಕ್ಕೇ ಕುದಿಬಹುದು. ಕುದ್ದು ಗುಳ್ಳಿ ಎದ್ರ, ನಾವು ತುಳಿಯೋದು ಬರೇ ಗುಳ್ಳಿನೇ. ಕಾಲು ಬುಡಕ್ಕ ಹೋದದ್ದು ಇದಕ್ಕ.

ಇಲ್ಲಿ ಮಗನ ಜೊತೀನೂ ನಂದು ಜಗಳ ಆತು, ಅದನ್ನೂ ಮುಚ್ಚಿಡಂಗಿಲ್ಲ. ಅವಂಗ ಮನಸ್ಸಿದ್ದದ್ದು ಮೈತುಂಬ ತೂತಿರೋ ದೊಡ್ಡ ಡಿಸ್ಕಿನ ಮ್ಯಾಲ, ಅದಕ್ಕ ಕೆಂಪು ಬಣ್ಣದ ಕ್ಯಾಲಿಪರ್. ಗಾಲಿ ಸಂದಿನಾಗ ಚಂದ ಕಾಣ್ತದಂತ. ಮೇಸ್ತ್ರಿ ಎರಡು ಮಾತು ಹೇಳಿದ. ಒಂದು, ಟ್ರ್ಯಾಕಿನ ಕಾವಿಗೆ ಆ ತೂತಿನ ಅಂಚಿನಿಂದಲೇ ಬಿರುಕು ಶುರು ಆಗ್ತದ. ಎರಡು, ಬ್ರೇಕ್ ಒತ್ತಿದಾಗ ಗಾಡಿ ಭಾರ ಮುಂದಕ್ಕ ಬೀಳ್ತದ. ಶಕ್ತಿ ಯೋಜನಾದ ಬಸ್ಸಿನಾಗ ನಿಂತು ಹೋಗೋ ನಮ್ಗ ಇದನ್ನ ಯಾರೂ ಕಲಿಸಬೇಕಿಲ್ಲ, ಡ್ರೈವರ್ ಬ್ರೇಕ್ ಒತ್ತಿದ್ರ ಎಲ್ಲಾರೂ ಮುಂದಕ್ಕ ಜೋಲಿ ಹೊಡೀತೀವಿ. ಅದಕ್ಕೇ ನಿಲ್ಲಸೋ ಕೆಲಸ ಹೆಚ್ಚಿನ ಪಾಲು ಮುಂದಿನ ಗಾಲಿದು. ಹಿಂದಿನ ಬ್ರೇಕ್ ಮುಂದಿನದಕ್ಕಿಂತ ಬಿರುಸಾದ್ರ ಹಿಂದಿನ ಗಾಲಿ ಮೊದ್ಲು ಹಿಡ್ಕೊಂಡು ಗಾಡಿ ಬುಗುರಿ ಆಗ್ತದ. ಕಮ್ಮಿ ಆದ್ರ ನಮ್ಮ ಮಾವನ ಟ್ರಾಲಿಯಂಗ ಭಾರ ಎಲ್ಲಾ ಮುಂದಿನದರ ಮ್ಯಾಲ. ಹಿಂದಿಂದು ಮುಂದಿನದಕ್ಕ ತಕ್ಕಂಗ ಇರಬೇಕು. ಗಂಡ ಹೆಂಡ್ತಿ ನೊಗ ಹೊತ್ತಂಗ ಅಂತ ನಾ ಅಂದೆ, ಹುಡುಗ ನಕ್ಕ.

ಕಡೀಗಿ ನನ್ನ ಹಟ ಗೆದ್ದಿತು. ತೂತು ಬ್ಯಾಡ, ಕೆಂಪು ಬಣ್ಣ ಬ್ಯಾಡ. ಅದೇ ಅಳತಿದು ಛಲೋ ಕಬ್ಬಿಣದ ಎರಡು ಡಿಸ್ಕ್, ಕಾವು ತಡಿಯೋ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಕೂಲಿ, ಎಲ್ಲಾ ಸೇರಿ 38,000. ಮುಂದಿನವು ಹಿಂದಿನ ವರ್ಷನೇ ಹಾಕ್ಸಿದ್ದ. ಹೊಸ ಹಂಚು ಪಳಗಿಸ್ದಂಗ ಹೊಸ ಡಿಸ್ಕೂ ಪಳಗಸ್ತಾರ. ಮೊದ್ಲು ಮೆಲ್ಲಕ ಒತ್ತೋದು, ಆರ್ಸೋದು, ಮತ್ತ ಒತ್ತೋದು. ಟ್ರ್ಯಾಕ್ ಮುಗದ ಮ್ಯಾಲ ಒಂದು ಸುತ್ತು ಬ್ರೇಕ್ ಮುಟ್ಟದ ನಿಧಾನ ಹೊಡದು ತಣ್ಣಗ ಮಾಡಬೇಕು. ಕಾದದ್ದಕ್ಕ ಹ್ಯಾಂಡ್ ಬ್ರೇಕ್ ಎಳೀಬಾರದು, ನೀರು ಚೆಲ್ಲಬಾರದು. ಕಾದ ಹಂಚಿಗೆ ತಣ್ಣೀರು ಹೊಯ್ಯಬಾರದು ಅಂತ ನಮ್ಮ ಅತ್ತಿ ಎಷ್ಟು ಸಲ ಬೈದಿಲ್ಲ ಹೇಳ್ರಿ.

ಇನ್ನ ನಿಮ್ಮ ಮಾತಿಗೆ ಬರ್ತೀನಿ. "ಆ ಹಾಳು ಟ್ರ್ಯಾಕಿಗೆ ಹೋಗೋದೇ ಬಿಟ್ರ ತಾಟೂ ಬ್ಯಾಡ, ರೊಕ್ಕನೂ ಬ್ಯಾಡ" ಅಂತೀರಿ. ಖರೇ ಅದ. ನಾನೂ ಇಷ್ಟು ದಿನ ಅದನ್ನೇ ಅಂದೆ. ಆದ್ರ ಗಾಡಿ ತಗೊಂಡ ಮೊದಲನೇ ವರ್ಷ ಇದೇ ಮಗ ರಾತ್ರಿ ಹೊತ್ತು ಕಲಬುರಗಿಯಿಂದ ಊರಿಗೆ ಎಷ್ಟು ಜಲ್ದಿ ಬಂದೆ ಅಂತ ಹೇಳಿ ಎದಿ ಉಬ್ಬಿಸ್ತಿದ್ದ. ನಮ್ಮ ರಸ್ತಿ ಮ್ಯಾಲ ಕುರಿ ಹಿಂಡು, ಲೈಟ್ ಇಲ್ಲದ ಎತ್ತಿನ ಗಾಡಿ, ರಾಶಿ ಹರವಿದ ಜೋಳ, ಚೊಂಬು ಹಿಡ್ಕೊಂಡು ಹೋಗೋ ಮುದುಕೇರು. ಅಲ್ಲಿ ಅವಂಗೂ ಅಪಾಯ, ಏನೂ ತಿಳೀದ ಮಂದಿಗೂ ಅಪಾಯ. ಟ್ರ್ಯಾಕಿನಾಗ ಎಲ್ಲಾರೂ ಒಂದೇ ದಿಕ್ಕಿಗೆ ಹೋಗ್ತಾರ, ತಲಿಗೆ ಹೆಲ್ಮೆಟ್, ಆಂಬುಲೆನ್ಸ್ ನಿಂತಿರ್ತದ. ಬಿದ್ರ ತಾನೇ ಬೀಳ್ತಾನ, ಮಂದಿ ಕೂಸನ್ನ ಬೀಳ್ಸಂಗಿಲ್ಲ. ಅವ ಹೋದ ದಿನ ನಾನು ಇಡೀ ದಿನ ಊಟ ಮಾಡಂಗಿಲ್ಲ, ಅದು ಬ್ಯಾರೆ ಮಾತು. ಆದ್ರ ಅಲ್ಲಿಗೆ ಹೋಗ್ಲಾಕ ಹತ್ತಿದ ಮ್ಯಾಲ ರಸ್ತಿ ಮ್ಯಾಲ ಅವನ ಕಾಲು ಹಗುರಾಗ್ಯಾದ. ಕಾವು ಎಷ್ಟು ಏರ್ತದ ಅಂತ ಕಣ್ಣಾರೆ ಕಂಡಾನಲ್ಲ.

ಈಗ ನಾ ಕೇಳ್ತೀನಿ, ನೀವು ಹೇಳ್ರಿ. ತೊಟ್ಲ ಕಾರ್ಯಕ್ಕ ಬಂದ ಗಾಡಿಗೋಳ ಮುಂದ ನಾ ಸುಮ್ಮನ ಒಂದು ಸುತ್ತು ಹಾಕಿದೆ. ಒಂದಕ್ಕ ಕಣ್ಣು ಕುಕ್ಕೋ ಹೆಚ್ಚಿನ ಲೈಟು, ಒಂದಕ್ಕ ಎದಿ ಒಡಿಯೋ ಸ್ಪೀಕರ್, ಒಂದಕ್ಕ ಲಾರಿ ಹಾರ್ನು. ಹುಡುಗರ ಬೈಕಿಗೆ ಸೈಲೆನ್ಸರ್ ಬದ್ಲಿ ಮಾಡ್ಸಿ ಪಟಪಟ ಸಪ್ಪಳ. ಆ ಸಪ್ಪಳಕ್ಕ ರೊಕ್ಕ ಕೊಟ್ಟೋರು ಯಾರು? ನಾವೇ. ಗಂಡಂಗ ತಿಳೀದಂಗ ಸಾಸಿವಿ ಡಬ್ಬ್ಯಾಗಿಂದ ತೆಗೆದು ಕೊಟ್ಟೋರು ನಾವೇ. ಅದೇ ಬೈಕಿನ ಹಿಂದಿನ ಬ್ರೇಕ್ ಲೈನರ್ ಸವೆದದ ಅಂದ್ರ "ಮುಂದಿನ ತಿಂಗಳು ನೋಡೂಣು" ಅಂತೀವಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕಿಗೆಲ್ಲ ಎಬಿಎಸ್ ಇರ್ಲೇಬೇಕು ಅಂತ ಸರ್ಕಾರ ಕಾನೂನು ಮಾಡಿತು. ಆವಾಗೂ ನಮ್ಮ ಓಣ್ಯಾಗ ಬೈಕ್ ತುಟ್ಟಿ ಆತು ಅಂತ ಗೊಣಗಿದ್ದೇ ಗೊಣಗಿದ್ದು. ಗಾಲಿ ಜಾರದಂಗ ಹಿಡಿಯೋ ಸಾಮಾನಿಗೆ ತುಟ್ಟಿ ಅಂದ್ವಿ. ವರದಕ್ಷಿಣಿಗೆ ಬೈಕ್ ಕೊಡುವಾಗ ಯಾರೂ ತುಟ್ಟಿ ಅನ್ಲಿಲ್ಲ.

ಸುಗ್ಗಿ ಬಂದ್ರ ಈಗೂ ಟ್ರ್ಯಾಕ್ಟರಿಗೆ ಎರಡೆರಡು ಟ್ರಾಲಿ ಕಟ್ಕೊಂಡು ಹೋಗ್ತಾರ. ಡೆಕ್ ಹಾಡು ಒಂದು ಮೈಲಿಗೆ ಕೇಳ್ತದ. ಹಿಂದ ಬ್ರೇಕ್ ಅದ ಏನ್ರೆಪಾ ಅಂತ ಕೇಳಿದ್ರ, "ಏ ಬಿಡ್ರಿ ಆಯಿ, ನಿಧಾನ ಹೊಡೀತೀವಿ" ಅಂತಾರ. ನಮ್ಮ ಮಾವನೂ ನಿಧಾನನೇ ಹೊಡೀತಿದ್ದ.

ಎಲ್ಲಾರೂ 38,000 ಹಾಕ್ರಿ ಅಂತ ನಾ ಅನ್ನಂಗಿಲ್ಲ. ಟ್ರ್ಯಾಕಿಗೆ ಹೋಗ್ದವ್ರಿಗೆ ಆ ಡಿಸ್ಕ್, ಆ ಪ್ಯಾಡ್ ಬ್ಯಾಡೇ ಬ್ಯಾಡ. ಎಂಟು ರೊಟ್ಟಿಗೆ ದಾಸೋಹದ ಹಂಚು ಯಾಕ? ನಾ ಕೇಳೋದು ಸಣ್ಣದು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದ್ಲಿ ಮಾಡಸ್ರಿ. ಸರ್ವೀಸಿಗೆ ಬಿಟ್ಟಾಗ ಪ್ಯಾಡ್ ಎಷ್ಟು ಉಳದಾವ, ಡಿಸ್ಕ್ ಎಷ್ಟು ಸವೆದದ ಅಂತ ಕೇಳ್ರಿ. ಬೈಕಿನ ಲೈನರ್ ಸವೆದಿದ್ರ ಅವತ್ತೇ ಹಾಕಸ್ರಿ. ಮಗ ರೊಕ್ಕ ಕೇಳಿದ್ರ, ಯಾತಕ್ಕ ಅಂತ ಕೇಳ್ರಿ. ಸ್ಪೀಕರಿಗೆ ಅಂದ್ರ ಇಲ್ಲ ಅನ್ರಿ, ಬ್ರೇಕಿಗೆ ಅಂದ್ರ ಸಾಸಿವಿ ಡಬ್ಬಿ ತೆಗೀರಿ.

ಮೊನ್ನೆ ಸೋಮವಾರ ನಮ್ಮ ಮೈದುನನ ಮಗ ಬಂದಿದ್ದ, ನನ್ನ ಸೊಸಿನ್ನ ಬೈಕ್ ಮ್ಯಾಲ ಯಾದಗಿರಿ ದವಾಖಾನಿಗೆ ಬಿಟ್ಟು ಬರ್ಲಾಕ. ಸೊಸಿಗೆ ಏಳು ತಿಂಗಳು. ನಾ ಅಂಗಳಕ್ಕ ಹೋಗಿ ಆ ಬೈಕಿನ ಹಿಂದಿನ ಬ್ರೇಕ್ ಕೈಲೇ ಒತ್ತಿ ನೋಡಿದೆ. ಪೆಡಲ್ ಕೆಳಗ ಹೋತು, ಗಾಲಿ ತಿರುಗೋದು ನಿಲ್ಲಲಿಲ್ಲ. "ಬಸ್ಸಿಗೆ ಹೋಗ್ತಾಳ ಬಿಡಪಾ, ನೀ ಮೊದ್ಲು ಇದನ್ನ ಮಾಡಿಸ್ಕೊಂಡು ಬಾ" ಅಂತ 500ರ ನೋಟು ಕೈಯಾಗಿಟ್ಟೆ. ಅವ ಮಾರಿ ಗಂಟು ಹಾಕ್ಕೊಂಡೇ ಹೋದ. ಸಂಜಿಗೆ ಹೊಸ ಲೈನರ್ ಹಾಕ್ಸಿ ತಂದು ತೋರ್ಸಿ, ಉಳದ ರೊಕ್ಕ ವಾಪಸ್ ಕೊಟ್ಟ. ಬೀಗತಿಯವರೇ, ಮುಂದಿನ ಕಾರ್ಯದಾಗ ಸಿಕ್ಕಾಗ ನಗೋಕಿಂತ ಮೊದ್ಲು ನಿಮ್ಮ ಹುಡುಗನ ಬೈಕಿನ ಹಿಂದಿನ ಬ್ರೇಕ್ ಒಂದ್ಸಲ ಒತ್ತಿ ನೋಡಿ ಬರ್ರಿ.