ವಿಪಿಎನ್ ಪಾಠಕ್ಕಿಂತ ಮೊದಲು ಕಲಿಸಬೇಕಾದ ಪಾಠ

"ಸಾರ್ವಜನಿಕ ವೈ-ಫೈ ಅಪಾಯಕಾರಿ. ಆದ್ದರಿಂದ ವಿಪಿಎನ್ ಬಳಸಿರಿ." ಸೈಬರ್ ಸುರಕ್ಷತೆ ಕುರಿತು ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠ ಯೋಜನೆಗಳಲ್ಲಿ, ಗೋಡೆಗೆ ಅಂಟಿಸುವ ಚಾರ್ಟುಗಳಲ್ಲಿ ಈ ಎರಡು ವಾಕ್ಯಗಳು ಜೋಡಿಯಾಗಿಯೇ ಬರುತ್ತವೆ. ಇವು ಸುಳ್ಳಲ್ಲ. ಆದರೆ ಅಪಾಯ ಯಾವುದು, ಅದು ಎಲ್ಲಿದೆ, ವಿಪಿಎನ್ ಅದರಲ್ಲಿ ಎಷ್ಟನ್ನು ತಡೆಯುತ್ತದೆ ಎಂಬುದನ್ನು ಇವು ಹೇಳುವುದಿಲ್ಲ. ಕಾರಣ ಹೇಳದೆ ಔಷಧ ಕೊಡುವ ಈ ರೀತಿಯ ಪಾಠ ನಮ್ಮ ಭಾಗದ ಮಕ್ಕಳಿಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡೀತು ಎಂಬುದು ನನ್ನ ಅಭಿಪ್ರಾಯ. ಬೋಧನಾಭ್ಯಾಸದಲ್ಲಿ ಈ ವಿಷಯವನ್ನು ಹೇಗೆ ಎತ್ತಿಕೊಳ್ಳಬೇಕು ಎಂಬ ಬಗ್ಗೆ ಕೆಲವು ವಿಚಾರಗಳನ್ನು ಗುರುಗಳ ಹಾಗೂ ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಮಕ್ಕಳಿಗೆ ವಿಪಿಎನ್ ಈಗಾಗಲೇ ಗೊತ್ತು

ಸಹಪಾಠಿಯೊಬ್ಬರ ಪಾಠ ವೀಕ್ಷಣೆಗೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು, "ಸರ್ರ, ವಿಪಿಎನ್ ಹಾಕಿದ್ರ ಬಂದ್ ಆಗಿದ್ದ ಗೇಮ್ ಆಡಾಕ ಬರತೈತಿ, ಹೌದಲ್ರಿ?" ಎಂದು ಕೇಳಿದ. ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದ್ದಲ್ಲ. 2020ರ ಜೂನ್ ಕೊನೆಗೆ ಟಿಕ್‌ಟಾಕ್, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪಬ್ಜಿ ಮೊಬೈಲ್ ನಿಷೇಧವಾದವು. ವಿಪಿಎನ್ ಎಂಬ ಮೂರಕ್ಷರ ಅನೇಕ ಮಕ್ಕಳ ಕಿವಿಗೆ ಬಿದ್ದದ್ದು ಇಂಥ ನಿಷೇಧಗಳ ಹಿಂದೆಯೇ, ಮುಚ್ಚಿದ ಬಾಗಿಲು ತೆರೆಯುವ ಕಳ್ಳಕೀಲಿಯಾಗಿ. ಆ ಅರ್ಥ ತಲೆಯಲ್ಲಿರುವ ತರಗತಿಗೆ ಶಿಕ್ಷಕರೇ ಬಂದು "ವಿಪಿಎನ್ ಹಾಕಿಕೊಳ್ಳಿ, ಸುರಕ್ಷಿತ" ಎಂದರೆ ಮಕ್ಕಳು ಏನು ಮಾಡುತ್ತಾರೆ? ಆ್ಯಪ್ ಅಂಗಡಿಯಲ್ಲಿ ಮೊದಲು ಕಾಣುವ, "ಫ್ರೀ" ಎಂದು ಬರೆದಿರುವ ಆ್ಯಪನ್ನು ಇಳಿಸಿಕೊಳ್ಳುತ್ತಾರೆ.

ಅದೂ ಯಾರ ಫೋನಿನಲ್ಲಿ? ನಮ್ಮ ಕಡೆ ಪ್ರೌಢಶಾಲೆಯ ಎಷ್ಟೋ ಮಕ್ಕಳಿಗೆ ಸ್ವಂತ ಫೋನಿಲ್ಲ. ಅವ್ವನದ್ದೋ ಅಪ್ಪನದ್ದೋ ಫೋನೇ ಅವರದ್ದು. ಗೃಹಲಕ್ಷ್ಮಿಯ 2000 ರೂಪಾಯಿ ಜಮೆಯಾದ ಸಂದೇಶ ಬರುವುದು ಆ ಫೋನಿಗೆ. ಬ್ಯಾಂಕಿನ ಒಟಿಪಿ, ವಿದ್ಯಾರ್ಥಿವೇತನದ ಒಟಿಪಿ ಬರುವುದೂ ಅದಕ್ಕೇ. ಮಗ್ಗದ ಕೂಲಿ, ಹೊಲದ ಪಗಾರ ಫೋನ್‌ಪೇಯಲ್ಲಿ ಬಂದು ಬೀಳುವುದೂ ಅಲ್ಲಿಯೇ. ನಾವು ತರಗತಿಯಲ್ಲಿ ಹೇಳುವ ಒಂದು ವಾಕ್ಯ ಸಂಜೆಯ ಹೊತ್ತಿಗೆ ಆ ಫೋನಿನೊಳಗೆ ಒಂದು ಆ್ಯಪ್ ಆಗಿ ಕೂಡಬಹುದು. ವಾಕ್ಯವನ್ನು ತೂಗಿ ಹೇಳಬೇಕಾದ ಹೊಣೆ ನಮ್ಮದು.

ವಿಪಿಎನ್ ಮಾಡುವುದೇನು?

ಒಂದು ಟಪಾಲು ಉದಾಹರಣೆ ತೆಗೆದುಕೊಳ್ಳೋಣ. ರಾಮದುರ್ಗದಿಂದ ಬೆಂಗಳೂರಿಗೆ ಕಾರ್ಡು ಬರೆದರೆ ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಹಳೆಯ ಎಚ್‌ಟಿಟಿಪಿ ಜಾಲತಾಣಗಳು ಹೀಗಿದ್ದವು. ಅದೇ ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದರೆ ದಾರಿಯವರಿಗೆ ವಿಳಾಸ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಇದು ಎಚ್‌ಟಿಟಿಪಿಎಸ್. ಈಗ ಆ ಲಕೋಟೆಯನ್ನು ಇನ್ನೊಂದು ದೊಡ್ಡ ಲಕೋಟೆಯಲ್ಲಿಟ್ಟು, ಮೇಲೆ ಹುಬ್ಬಳ್ಳಿಯ ಒಬ್ಬ ಏಜೆಂಟರ ವಿಳಾಸ ಬರೆದು ಕಳಿಸಿದೆವೆನ್ನಿ. ಏಜೆಂಟರು ಹೊರ ಲಕೋಟೆ ಬಿಚ್ಚಿ, ಒಳಗಿನದನ್ನು ತಮ್ಮ ಹೆಸರಿನಲ್ಲಿ ಬೆಂಗಳೂರಿಗೆ ರವಾನಿಸುತ್ತಾರೆ. ರಾಮದುರ್ಗದ ಟಪಾಲಿನವರಿಗೆ ಹುಬ್ಬಳ್ಳಿಯ ಹೆಸರು ಬಿಟ್ಟು ಬೇರೇನೂ ತಿಳಿಯದು. ಇದು ವಿಪಿಎನ್.

ಮಕ್ಕಳಿಗೆ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಿಜವಾದ ವಿಳಾಸ ಈಗ ಯಾರಿಗೆ ಗೊತ್ತು? ಏಜೆಂಟರಿಗೆ. ಅಂದರೆ ವಿಪಿಎನ್ ನಂಬಿಕೆಯ ಅಗತ್ಯವನ್ನು ಇಲ್ಲವಾಗಿಸುವುದಿಲ್ಲ. ನಂಬಬೇಕಾದ ವ್ಯಕ್ತಿಯನ್ನು ಬದಲಾಯಿಸುತ್ತದೆ, ಅಷ್ಟೆ. ಚಹಾದಂಗಡಿಯ ವೈ-ಫೈ ಮಾಲೀಕನನ್ನು ನಂಬಲಾರೆವು, ಸರಿ. ಆದರೆ ಯಾವ ದೇಶದಲ್ಲಿದೆ, ಯಾರದು ಎಂದೇ ತಿಳಿಯದ ಕಂಪನಿಯನ್ನು ನಂಬಬಹುದೇ?

ಈ ಪ್ರಶ್ನೆಗೆ ಆಧಾರವಿದೆ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಸಂಶೋಧಕರೂ ಸೇರಿದ ತಂಡವೊಂದು 2016ರಲ್ಲಿ 283 ಆಂಡ್ರಾಯ್ಡ್ ವಿಪಿಎನ್ ಆ್ಯಪ್‌ಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಶೇ. 18ರಷ್ಟು ಆ್ಯಪ್‌ಗಳು ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡುತ್ತಲೇ ಇರಲಿಲ್ಲ. ಶೇ. 75ರಷ್ಟರಲ್ಲಿ ಬಳಕೆದಾರರ ಜಾಡು ಹಿಡಿಯುವ ಹೊರಗಿನವರ ತಂತ್ರಾಂಶ ಅಡಗಿತ್ತು. ಶೇ. 38ರಷ್ಟರಲ್ಲಿ ಕುತಂತ್ರಾಂಶದ ಸುಳಿವು ಸಿಕ್ಕಿತು. ಫೇಸ್‌ಬುಕ್ ಕಂಪನಿ 2013ರಲ್ಲಿ ಕೊಂಡ ಒನಾವೊ ಎಂಬ ವಿಪಿಎನ್, ಬಳಕೆದಾರರು ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂಬ ಮಾಹಿತಿ ಸಂಗ್ರಹಿಸುತ್ತಿತ್ತು. 2018ರಲ್ಲಿ ಆ್ಯಪಲ್ ಅಂಗಡಿಯಿಂದ ಅದನ್ನು ತೆಗೆಯಬೇಕಾಯಿತು. ಪುಕ್ಕಟೆ ಏಜೆಂಟನಿಗೆ ಪಗಾರ ಎಲ್ಲಿಂದ ಬರುತ್ತದೆ ಎಂದು ಹಳ್ಳಿಯ ಮಗು ಕೂಡ ಲೆಕ್ಕ ಹಾಕಬಲ್ಲದು. ನಾವು ಕೇಳಬೇಕಷ್ಟೆ.

ವಿಪಿಎನ್ ಹಾಕಿದರೆ ಯಾರಿಗೂ ಸಿಗುವುದಿಲ್ಲ ಎಂಬ ನಂಬಿಕೆಯೂ ಮಕ್ಕಳಲ್ಲಿದೆ. ನಮ್ಮ ದೇಶದ ಸೈಬರ್ ತುರ್ತು ಪ್ರತಿಕ್ರಿಯಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಐಪಿ ವಿವರಗಳನ್ನು 5 ವರ್ಷ ಕಾಯ್ದಿಡಬೇಕು. ಇದನ್ನು ಒಪ್ಪದ ಕೆಲವು ವಿದೇಶಿ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. ನಿರ್ದೇಶನ ಸರಿಯೋ ತಪ್ಪೋ ಎಂಬುದು ಚರ್ಚೆಯ ವಿಷಯ. ಆದರೆ ವಿಪಿಎನ್ ಎಂದರೆ ಅದೃಶ್ಯವಾಗುವ ಮಂತ್ರವಲ್ಲ ಎಂಬುದು ಚರ್ಚೆಯ ವಿಷಯವಲ್ಲ.

ಅಪಾಯ ಎಲ್ಲೆಲ್ಲಿದೆ?

ಸಾರ್ವಜನಿಕ ವೈ-ಫೈ ಭಯಕ್ಕೆ ಚರಿತ್ರೆಯಿದೆ. 2010ರಲ್ಲಿ ಬಂದ ಫೈರ್‌ಶೀಪ್ ಎಂಬ ಸಣ್ಣ ತಂತ್ರಾಂಶ, ಒಂದೇ ವೈ-ಫೈನಲ್ಲಿರುವ ಇನ್ನೊಬ್ಬರ ಫೇಸ್‌ಬುಕ್ ಖಾತೆಯೊಳಗೆ ಯಾರು ಬೇಕಾದರೂ ಹೋಗಬಹುದೆಂದು ತೋರಿಸಿತು. ಆಗ ಬಹಳಷ್ಟು ತಾಣಗಳು ಕಾರ್ಡಿನಲ್ಲೇ ಪತ್ರ ಬರೆಯುತ್ತಿದ್ದವು. ಆಮೇಲೆ ಪರಿಸ್ಥಿತಿ ಬದಲಾಯಿತು. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿ ತಾಣಗಳನ್ನೆಲ್ಲ "ಸುರಕ್ಷಿತವಲ್ಲ" ಎಂದೇ ತೋರಿಸತೊಡಗಿತು. ಇಂದು ಬ್ಯಾಂಕು, ಅಂಚೆ, ಸರ್ಕಾರಿ ಪೋರ್ಟಲ್‌ಗಳು ಸಾಮಾನ್ಯವಾಗಿ ಲಕೋಟೆಯಲ್ಲೇ ಬರುತ್ತವೆ. ಬ್ರೌಸರ್ ಎಚ್ಚರಿಕೆ ತೋರಿಸಿದಾಗ ಹಿಂದೆ ಸರಿಯುವ ಅಭ್ಯಾಸವೊಂದಿದ್ದರೆ ಅರ್ಧ ಕೆಲಸ ಆದಂತೆ.

ಉಳಿದ ಅರ್ಧ ಬೇರೆಡೆ ಇದೆ. ಕಳ್ಳ ತಾಣಕ್ಕೂ ಲಕೋಟೆ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿ ಒತ್ತಿ ನಾವೇ ಒಟಿಪಿ ಬರೆದುಕೊಟ್ಟರೆ ಯಾವ ವಿಪಿಎನ್ನೂ ಕಾಯದು. ಮೋಸದ ಪತ್ರ ಕೂಡ ಅಷ್ಟೇ ಭದ್ರವಾಗಿ ತಲುಪುತ್ತದೆ. ಇನ್ನು ಮಾಹಿತಿ ತಲುಪಿದ ಜಾಗದಲ್ಲೇ ಸೋರಿದರೆ? ನಾವೆಲ್ಲ ಬಳಸುವ ದೀಕ್ಷಾ ವೇದಿಕೆಗೆ ಸೇರಿದ ಸರ್ವರ್ ಒಂದಕ್ಕೆ ಭದ್ರತೆ ಇಲ್ಲದೆ ಲಕ್ಷಾಂತರ ಶಿಕ್ಷಕರ, ವಿದ್ಯಾರ್ಥಿಗಳ ವಿವರ ತೆರೆದು ಬಿದ್ದಿತ್ತೆಂಬುದು 2023ರ ಜನವರಿಯಲ್ಲಿ ವರದಿಯಾಯಿತು. ಅಲ್ಲಿ ದಾರಿಯ ತಪ್ಪಿರಲಿಲ್ಲ, ಮನೆಯ ಬಾಗಿಲೇ ತೆರೆದಿತ್ತು.

ಶಿಕ್ಷಕರಾಗಲಿರುವ ನಮಗೆ ಇದು ಇನ್ನೂ ಹತ್ತಿರದ ಮಾತು. ಸ್ಯಾಟ್ಸ್‌ನಲ್ಲಿ ಮಗುವಿನ ಹೆಸರು, ತಂದೆ-ತಾಯಿಯ ಹೆಸರು, ಜಾತಿ, ಆಧಾರ್, ಅಂಕ ಎಲ್ಲವೂ ಇವೆ. ಬೋಧನಾಭ್ಯಾಸಕ್ಕೆ ಹೋದ ಶಾಲೆಯೊಂದರಲ್ಲಿ ಆ ಲಾಗಿನ್ ಮತ್ತು ಪಾಸ್‌ವರ್ಡ್ ಸಿಬ್ಬಂದಿ ಕೊಠಡಿಯ ವೇಳಾಪಟ್ಟಿಯ ಪಕ್ಕದಲ್ಲೇ ಬರೆದಿತ್ತು. ಪೇಟೆಯ ಆನ್‌ಲೈನ್ ಸೆಂಟರ್‌ನವರಿಗೂ ಅದು ಗೊತ್ತಿತ್ತು, ಯಾಕೆಂದರೆ ಶಾಲೆಯ ನೆಟ್ ಕೈಕೊಟ್ಟಾಗ ಕೆಲಸ ಅಲ್ಲಿಯೇ ಆಗುತ್ತಿತ್ತು. ಅವರನ್ನು ಬೈಯುವುದು ಸುಲಭ. ಕೊನೆಯ ದಿನಾಂಕ ಎದುರಿಗಿದ್ದು, ಕಂಪ್ಯೂಟರ್ ಕೆಟ್ಟು, ಒಬ್ಬರೇ ನಾಲ್ಕು ಕೆಲಸ ನೋಡುವಲ್ಲಿ ಹೀಗಾಗುತ್ತದೆ. ಆದರೆ ಆ ಶಾಲೆಗೆ ವಿಪಿಎನ್ ಕೊಂಡುಕೊಟ್ಟರೆ ಏನು ಬದಲಾದೀತು? ಗೋಡೆಯ ಮೇಲಿನ ಅಕ್ಷರ ಗೋಡೆಯ ಮೇಲೆಯೇ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಗುರುತಿಸಿ ಅವರ ಮಾಹಿತಿಗೆ ವಿಶೇಷ ರಕ್ಷಣೆ ಹೇಳಿದೆ. ಆ ರಕ್ಷಣೆ ಮೊದಲು ಶುರುವಾಗಬೇಕಾದದ್ದು ಸಿಬ್ಬಂದಿ ಕೊಠಡಿಯಲ್ಲಿ.

ಹಾಗಾದರೆ ಕ್ರಮವೇನು?

ಮನೆಯ ವೈ-ಫೈಯಿಂದ ಆರಂಭಿಸೋಣ. ಈಗ ರಾಮದುರ್ಗದ ಓಣಿಗಳಿಗೂ ಫೈಬರ್ ಬಂದಿದೆ. ರೂಟರ್ ಕೂಡಿಸಿದವರು ಇಟ್ಟುಹೋದ ಪಾಸ್‌ವರ್ಡೇ ವರ್ಷಗಟ್ಟಲೆ ಉಳಿಯುತ್ತದೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಇಂಥ ಬದಲಾಯಿಸದ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದುಕೊಂಡೇ. ಆದ್ದರಿಂದ ಮೊದಲು ರೂಟರ್‌ನ ಆಡಳಿತ ಪಾಸ್‌ವರ್ಡ್ ಬದಲಿಸಬೇಕು. ವೈ-ಫೈಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇಡಬೇಕು. ಡಬ್ಲ್ಯೂಪಿಎಸ್ ಗುಂಡಿಯ ಸೌಲಭ್ಯವನ್ನೂ ಹೊರಗಿನಿಂದ ರೂಟರ್ ನಿಯಂತ್ರಿಸುವ ಸೌಲಭ್ಯವನ್ನೂ ಬಂದ್ ಮಾಡಬೇಕು. ಬಾಜೂ ಮನೆಯವರಿಗೆ ಇಲ್ಲ ಎನ್ನಲಾಗದಿದ್ದರೆ ಅತಿಥಿ ಜಾಲ ಮಾಡಿ ಕೊಡಬೇಕು. 2017ರಲ್ಲಿ ಬೆಲ್ಜಿಯಂನ ಸಂಶೋಧಕರೊಬ್ಬರು ಡಬ್ಲ್ಯೂಪಿಎ2ರಲ್ಲೇ ಕ್ರ್ಯಾಕ್ ಎಂಬ ದೋಷ ಕಂಡುಹಿಡಿದಾಗ ಪರಿಹಾರ ಬಂದದ್ದು ತಂತ್ರಾಂಶ ನವೀಕರಣದ ಮೂಲಕ. ಹಾಗಾಗಿ ಫೋನೂ ರೂಟರೂ ಅಪ್‌ಡೇಟ್ ಆಗಿರಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಸಾರ್ವಜನಿಕ ವೈ-ಫೈ ವಿಷಯ. ನಮ್ಮ ಪಟ್ಟಣಕ್ಕೆ ರೈಲಿಲ್ಲ, ಆದರೆ ಹುಬ್ಬಳ್ಳಿ, ಬೆಳಗಾವಿಗೆ ಪರೀಕ್ಷೆ ಬರೆಯಲು ಹೋದವರು ನಿಲ್ದಾಣದ ರೈಲ್‌ವೈರ್ ವೈ-ಫೈ ಬಳಸುತ್ತಾರೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಡಿ ಸಣ್ಣ ಅಂಗಡಿಯವರೂ ಪರವಾನಗಿಯಿಲ್ಲದೆ ವೈ-ಫೈ ಕೊಡಬಹುದು. ಇಂಥಲ್ಲಿ ಹೆಸರು ನೋಡಿ ಸೇರಬೇಕು, ಏಕೆಂದರೆ ಅದೇ ಹೆಸರಿನ ನಕಲಿ ವೈ-ಫೈ ಯಾರೂ ಹುಟ್ಟುಹಾಕಬಹುದು. ಕೆಲಸವಾದ ಮೇಲೆ ಆ ಜಾಲವನ್ನು ಫೋನಿನಿಂದ ಮರೆಸಬೇಕು. ಹಣದ ವ್ಯವಹಾರವಿದ್ದರೆ ಎರಡು ನಿಮಿಷ ವೈ-ಫೈ ಬಂದ್ ಮಾಡಿ ಸ್ವಂತ ಮೊಬೈಲ್ ಡೇಟಾ ಬಳಸುವುದು ಎಲ್ಲಕ್ಕಿಂತ ಸರಳ ಉಪಾಯ.

ಇಷ್ಟಾದ ಮೇಲೆ ವಿಪಿಎನ್. ಪದೇ ಪದೇ ಪ್ರಯಾಣಿಸುವವರಿಗೆ, ಹಾಸ್ಟೆಲ್‌ನ ಹಂಚಿಕೆಯ ವೈ-ಫೈನಲ್ಲಿ ಕೆಲಸ ಮಾಡುವವರಿಗೆ ಅದು ನಿಜವಾಗಿ ಉಪಯುಕ್ತ. ಹಣ ಕೊಟ್ಟು ಕೊಳ್ಳುವ, ಹೊರಗಿನವರಿಂದ ತಪಾಸಣೆಗೊಳಗಾದ, ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಪದ್ಧತಿಯ ಸೇವೆ ಆರಿಸಬೇಕು. ಆ್ಯಪನ್ನು ಅಧಿಕೃತ ಅಂಗಡಿಯಿಂದಲೇ ಇಳಿಸಬೇಕು. ಸಂಪರ್ಕ ಪಟ್ಟಿ, ಎಸ್‌ಎಂಎಸ್ ಕೇಳುವ ವಿಪಿಎನ್ ಬೇಡ. ನಿಲ್ದಾಣದ ವೈ-ಫೈನಲ್ಲಿ ಮೊದಲು ಒಟಿಪಿ ಪುಟ ಮುಗಿಸಬೇಕು, ಆಮೇಲೆಯೇ ವಿಪಿಎನ್ ಜೋಡಣೆಯಾಗುತ್ತದೆ. ನಡುವಿನ ಆ ಹೊತ್ತಿನಲ್ಲಿ ಬೇರೇನೂ ತೆರೆಯಬಾರದು. ಆಂಡ್ರಾಯ್ಡ್ ಸೆಟ್ಟಿಂಗ್‌ನಲ್ಲಿ ವಿಪಿಎನ್ ಕಡಿದರೆ ಇಂಟರ್‌ನೆಟ್ಟೂ ನಿಲ್ಲುವಂತೆ ಮಾಡುವ ಆಯ್ಕೆಯಿದೆ, ಅದನ್ನು ಹಾಕಿಡಬೇಕು.

ಬೋಧನಾಭ್ಯಾಸದಲ್ಲಿ ಏನು ಬದಲಾಗಬೇಕು?

"ಪ್ರೌಢಶಾಲೆಯ ಮಕ್ಕಳಿಗೆ ಇಷ್ಟೆಲ್ಲ ಬೇಕೇ? ಒಂದು ನಿಯಮ ಹೇಳಿದರೆ ಸಾಲದೇ?" ಎಂದು ಕೇಳಬಹುದು. 35–40 ನಿಮಿಷದ ಅವಧಿಯಲ್ಲಿ ನಿಯಮ ಹೇಳುವುದೇ ಸುಲಭ, ಒಪ್ಪುತ್ತೇನೆ. ಆದರೆ ವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಕಲಿತದ್ದು, ಕಾರಣ ತಿಳಿಯದ ನಿಯಮ ಹೊಸ ಸನ್ನಿವೇಶದಲ್ಲಿ ನಿಲ್ಲುವುದಿಲ್ಲ ಎಂಬುದನ್ನೇ. ನಮ್ಮ ಬಿ.ಇಡಿ. ಪಠ್ಯಕ್ರಮದಲ್ಲಿ ಐಸಿಟಿಯ "ವಿಮರ್ಶಾತ್ಮಕ" ಗ್ರಹಿಕೆ ಎಂಬ ಪತ್ರಿಕೆಯೇ ಇದೆ. ಪಿಪಿಟಿ ಮಾಡುವುದು, ಗೂಗಲ್ ಫಾರ್ಮ್ ಮಾಡುವುದರಲ್ಲೇ ಅದು ಮುಗಿದರೆ ವಿಮರ್ಶೆ ಎಲ್ಲಿ ಬಂತು?

ನನ್ನ ಸಲಹೆಗಳು ಮೂರು. ಮೊದಲನೆಯದು, ಪಾಠ ಯೋಜನೆಯ ಉದ್ದೇಶದಲ್ಲಿ "ವಿಪಿಎನ್‌ನ ಅರ್ಥ ಹೇಳುವರು" ಎಂಬುದರ ಬದಲು "ಕೊಟ್ಟ ಸನ್ನಿವೇಶದಲ್ಲಿ ಅಪಾಯ ಫೋನಿನಲ್ಲಿದೆಯೋ, ದಾರಿಯಲ್ಲಿದೆಯೋ, ತಲುಪುವ ತಾಣದಲ್ಲಿದೆಯೋ ಗುರುತಿಸುವರು" ಎಂದು ಬರೆಯೋಣ. ಮೌಲ್ಯಮಾಪನವೂ ಅದರಂತೆ ಬದಲಾಗುತ್ತದೆ. ಎರಡನೆಯದು, ಮೇಲಿನ ಲಕೋಟೆಯ ಚಟುವಟಿಕೆ. ಐದು ಮಕ್ಕಳು, ಐದು ಪಾತ್ರ: ಕಳಿಸುವವ, ವೈ-ಫೈ ಮಾಲೀಕ, ಇಂಟರ್‌ನೆಟ್ ಕಂಪನಿ, ವಿಪಿಎನ್ ಏಜೆಂಟ, ಜಾಲತಾಣ. ಪ್ರತಿಯೊಬ್ಬರೂ ತಮಗೆ ಏನು ಕಾಣಿಸಿತು ಎಂದು ಕರಿಹಲಗೆಯ ಮೇಲೆ ಬರೆಯಲಿ. ಇದಕ್ಕೆ ಕಂಪ್ಯೂಟರ್ ಬೇಡ, ಕರೆಂಟೂ ಬೇಡ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಅದೇ ಅವಧಿಯಲ್ಲಿ ಹೇಳಬಹುದು.

ಮೂರನೆಯದು ನಮಗೇ ಸಂಬಂಧಿಸಿದ್ದು. ಇಂಟರ್ನ್‌ಶಿಪ್‌ಗೆ ಹೊರಡುವ ಮುನ್ನ ನಡೆಯುವ ಮಾರ್ಗದರ್ಶನ ಸಭೆಯಲ್ಲಿ ಒಂದು ಅವಧಿಯನ್ನು ಮಕ್ಕಳ ಮಾಹಿತಿ ನಿರ್ವಹಣೆಗೆ ಮೀಸಲಿಡಬೇಕೆಂದು ನಮ್ಮ ಗುರುಗಳಲ್ಲಿ ವಿನಂತಿ. ಶಾಲೆಯ ಪಾಸ್‌ವರ್ಡ್ ಕೇಳಿ ಪಡೆಯದಿರುವುದು, ಕೊಟ್ಟರೆ ಬರೆದಿಡದಿರುವುದು, ಕೆಲಸ ಮುಗಿದೊಡನೆ ಲಾಗ್‌ಔಟ್ ಆಗುವುದು, ಅಂಕಪಟ್ಟಿಯ ಫೋಟೊ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಹಾಕದಿರುವುದು. ಈ ನಾಲ್ಕನ್ನು ಶಿಸ್ತಿನ ಭಾಗವಾಗಿ ವೀಕ್ಷಣಾ ನಮೂನೆಯಲ್ಲೇ ಸೇರಿಸಿದರೆ ಮುಂದಿನ ತಂಡದವರು ಅದನ್ನು ಅಭ್ಯಾಸವಾಗಿಯೇ ಒಯ್ಯುತ್ತಾರೆ. ಈ ಸಾಲಿನ ನಮೂನೆ ಮುದ್ರಣಕ್ಕೆ ಹೋಗುವ ಮೊದಲು ಇದರ ಬಗ್ಗೆ ಚರ್ಚೆ ನಡೆಯಲಿ ಎಂದು ಆಶಿಸುತ್ತೇನೆ.