ಹತ್ತಿಬೀಜದಿಂದ ನಾವು ಕಲಿಯತಕ್ಕ ಪಾಠ

ಸೀತಾಂಗೋಳಿಯ ಸುತ್ತ ನಾವು ಯಾರೂ ಹತ್ತಿ ಬೆಳೆಯುವವರಲ್ಲ. ಅದು ರಾಯಚೂರು, ಹಾವೇರಿ, ಬಳ್ಳಾರಿ ಕಡೆಯ ಬೆಳೆ. ಆದರೂ ಹಾಲು ಕರೆಯುವ ದನವಿದ್ದ ಮನೆಗೆ ಹತ್ತಿಯ ಹಿಂಡಿ ಬೇಕು. ದೂರದ ರೈತನ ಬೆಳೆಯ ಉಳಿಕೆಗೆ ನಾವು ಹಣ ಕೊಡುತ್ತೇವೆ. ನಮ್ಮ ತೋಟದ ಉಳಿಕೆಯೋ ಅಂಗಳದ ಬದಿಯಲ್ಲಿ ಕೊಳೆಯುತ್ತದೆ, ಇಲ್ಲವೆ ಬಚ್ಚಲ ಒಲೆ ಸೇರುತ್ತದೆ. ಇದು ಹೀಗೇಕೆ?

ಬಿಡಿಸಿ ತಂದ ಹತ್ತಿಯ ತೂಕದಲ್ಲಿ ಅರಳೆ ಸುಮಾರು ಮೂರರಲ್ಲೊಂದು ಪಾಲು, ಉಳಿದದ್ದು ಬೀಜ. ಹಿಂದೊಮ್ಮೆ ಅಮೆರಿಕದಲ್ಲಿ ಇದನ್ನು ಕಸವೆಂದು ಹೊಳೆಗೆ ಎಸೆಯುತ್ತಿದ್ದರು. ಇಂದು ಅದರ ಎಣ್ಣೆ ಅಡಿಗೆಗೂ ಸಾಬೂನಿಗೂ ಸಲ್ಲುತ್ತದೆ. ಹಿಂಡಿ ಹಟ್ಟಿಗೆ ಬರುತ್ತದೆ. ಬೀಜಕ್ಕೆ ಅಂಟಿದ ಗಿಡ್ಡ ನಾರು ಉತ್ತಮ ಕಾಗದಕ್ಕೂ ಸಿಡಿಮದ್ದಿಗೂ ಹೋಗುತ್ತದೆ. ಗಿಡದ ಕಡ್ಡಿಯಿಂದ ಹಲಗೆ ಮಾಡುವ ಕ್ರಮವನ್ನು 1924ರಲ್ಲಿ ಆರಂಭವಾದ ಮುಂಬಯಿಯ ಹತ್ತಿ ಸಂಶೋಧನಾಲಯವು ತೋರಿಸಿಕೊಟ್ಟಿದೆ. ಒಬ್ಬ ಗಿರಾಕಿ ಬಿಟ್ಟರೂ ಇನ್ನೊಬ್ಬನಿರುತ್ತಾನೆ.

ನಮ್ಮ ಅಡಿಕೆ ಹಾಳೆಗೆ ಹಾಗಿಲ್ಲ. ತಟ್ಟೆಯೊಂದನ್ನೇ ನಂಬಿದ್ದೆವು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಹಾಳೆಯಲ್ಲಿರುವ ಅಡಿಕೆಯ ಸತ್ವವು ಊಟಕ್ಕಿಳಿದೀತೆಂದು ಈ ತಟ್ಟೆಗಳು ಸಲ್ಲವೆಂದಿತು. ಒಂದೇ ಬಾಗಿಲಿನ ಮನೆಯ ಅವಸ್ಥೆ ಇದು. ಹಾಳೆಯನ್ನು ಸಣ್ಣಗೆ ಕತ್ತರಿಸಿ ಮೇವು ಮಾಡಬಹುದು. ಗದ್ದೆ ಕಡಮೆಯಾಗಿ ಬೈಹುಲ್ಲಿಗೆ ಬರ ಬಂದಿರುವಾಗ ಇದು ಸಣ್ಣ ಮಾತಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಬಣ್ಣಕ್ಕೂ ವಾಹನದ ಬ್ರೇಕಿಗೂ ಬೇಕಾಗುವುದನ್ನು ಬಲ್ಲ ನಾವು ಅಡಿಕೆ ಸಿಪ್ಪೆಯನ್ನು ಮಾತ್ರ ಕಡೆಗಣಿಸಿದ್ದೇವೆ.

ಹತ್ತಿಬೀಜಕ್ಕೆ ಬೇಡಿಕೆ ಬಂದದ್ದು ಅದರ ಗುಣದಿಂದ ಮಾತ್ರವಲ್ಲ. ಅರಳೆ ಬಿಡಿಸುವ ಕಾರಖಾನೆಯಲ್ಲಿ ಅದು ರಾಶಿಯಾಗಿ ಒಂದೆಡೆ ಸಿಗುತ್ತದೆ. ನಮ್ಮ ಸಿಪ್ಪೆ, ಹಾಳೆ ಮನೆಮನೆಯಲ್ಲಿ ಚದರಿವೆ. ನಾಲ್ಕು ಮನೆ ಸುತ್ತಿ ಒಂದು ಗೋಣಿ ಕೊಳ್ಳಲು ಯಾವ ವ್ಯಾಪಾರಿ ಬಂದಾನು?

ಸೀತಾಂಗೋಳಿಯಲ್ಲಿ ಕಿನ್ಫ್ರಾದ ಕೈಗಾರಿಕಾ ವಸಾಹತು ಇದೆ. ಕಾಸರಗೋಡಿನಲ್ಲಿ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಇದೆ. ಇವೆರಡರ ನಡುವೆ ಇಲ್ಲದ್ದು, ಒಣಗಿದ ಹಾಳೆ, ಸಿಪ್ಪೆಗಳನ್ನು ತೂಗಿ ಕೂಡಿಡುವ ಒಂದು ಚಪ್ಪರ. ಸಹಕಾರಿ ಸಂಘಗಳು ಇದನ್ನು ಮೊದಲು ಮಾಡಬೇಕು. ತೋಟದ ಬುಡಕ್ಕೆ ಬೇಕಾದ ಪಾಲನ್ನು ತೋಟಕ್ಕೇ ಬಿಟ್ಟು, ಮಿಕ್ಕದ್ದನ್ನು ಒಣಗಿಸಿ ತಂದುಕೊಡುವುದು ನಮ್ಮ ಕೆಲಸ.

ಗಿರಾಕಿ ಬಂದ ಮೇಲೆ ಸರಕು ಕೂಡಿಸೋಣವೆಂದು ಕುಳಿತರೆ ಅವನು ಬರುವುದಿಲ್ಲ. ಸರಕು ಕೂಡಿದ ಕಡೆಗೇ ಗಿರಾಕಿಯ ದಾರಿ.